ಹೇಳಿಕೆಯ ಬಿಸಿ, ಸಮೀಕ್ಷೆಯ ಅಂಕಿ

ಅಭ್ಯರ್ಥಿಯೊಬ್ಬರು ನಾಲಿಗೆ ಹರಿಯಬಿಟ್ಟ ಮರುವಾರವೇ ಸಮೀಕ್ಷೆಯಲ್ಲಿ ಅವರ ಬೆಂಬಲ ಕುಸಿಯಿತೆಂದು ಓದಿದಾಗ, ಅಷ್ಟೂ ಜನ ಮನಸ್ಸು ಬದಲಿಸಿದರೆಂದೇ ನಾವು ನಂಬಿಬಿಡುತ್ತೇವೆ. ಆದರೆ ಸಾವಿರ ಜನರ ಸಮೀಕ್ಷೆಯಲ್ಲಿ ಸುಮಾರು ಶೇ. 3ರಷ್ಟು ಏರುಪೇರು ಸಹಜ. ಅದಕ್ಕಿಂತ ಮುಖ್ಯವಾಗಿ, ತಮ್ಮ ನಾಯಕ ಮುಜುಗರಕ್ಕೆ ಸಿಲುಕಿದ ದಿನಗಳಲ್ಲಿ ಬೆಂಬಲಿಗರು ಸಮೀಕ್ಷೆಯವರಿಗೆ ಉತ್ತರಿಸುವುದನ್ನೇ ಕಡಿಮೆ ಮಾಡುವುದುಂಟು. (ಅಂಥ ವಾರಗಳಲ್ಲಿ ಅಡಿಕೆ ಧಾರಣೆಯನ್ನಷ್ಟೇ ಮಾತಾಡಿ ಮುಂದೆ ಸಾಗುವ ನಮ್ಮ ಶಿರಸಿಯ ಹಿರಿಯರನ್ನು ಕಂಡವರಿಗೆ ಇದು ಹೊಸತೇನಲ್ಲ.)

ಅಮೆರಿಕದ ಮಿಸ್ಸೌರಿಯಲ್ಲಿ 2012ರಲ್ಲಿ ಅತ್ಯಾಚಾರದ ಕುರಿತು ಆಡಿದ ಮಾತಿನಿಂದ ರಿಪಬ್ಲಿಕನ್ ಅಭ್ಯರ್ಥಿ ಟಾಡ್ ಏಕಿನ್ ಸೆನೆಟ್ (ಸಂಸತ್ತಿನ ಮೇಲ್ಮನೆ) ಚುನಾವಣೆಯನ್ನೇ ಕಳೆದುಕೊಂಡರು. 2016ರ ಅಕ್ಟೋಬರ್‌ನಲ್ಲಿ ಮಹಿಳೆಯರ ಕುರಿತ ಡೊನಾಲ್ಡ್ ಟ್ರಂಪ್ ಅವರ ಹಳೆಯ ಮಾತಿನ ಧ್ವನಿಮುದ್ರಣ ಹೊರಬಂದಾಗ ಅವರ ಕಥೆಯೂ ಮುಗಿಯಿತೆಂದು ಬಹಳ ಮಂದಿ ಬರೆದರು, ನವೆಂಬರ್‌ನಲ್ಲಿ ಅವರು ಗೆದ್ದರು.

ನಮ್ಮ ಜಿಲ್ಲೆಯ ಉದಾಹರಣೆ ಇನ್ನೂ ಕುತೂಹಲಕರ. 2024ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದಲು 400 ಸ್ಥಾನ ಬೇಕೆಂದು ಆಗ ಉತ್ತರ ಕನ್ನಡದ ಬಿಜೆಪಿ ಸಂಸದರಾಗಿದ್ದ ಅನಂತಕುಮಾರ್ ಹೆಗಡೆಯವರು ಹೇಳಿದರು. ಅದನ್ನು ಅವರ ವೈಯಕ್ತಿಕ ಅಭಿಪ್ರಾಯವೆಂದ ಬಿಜೆಪಿ, ಟಿಕೆಟನ್ನು ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ ನೀಡಿತು ಮತ್ತು ಅವರು 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಮಾತು ಹುಟ್ಟಿದ ಕ್ಷೇತ್ರದಲ್ಲಿ ಅದರ ಬೆಲೆ ತೆರುವವರೇ ಇರಲಿಲ್ಲ. ಆದರೆ ಪ್ರತಿಪಕ್ಷಗಳು ಅದನ್ನೇ ದೇಶದುದ್ದಕ್ಕೂ ಪ್ರಚಾರದ ವಿಷಯವಾಗಿಸಿದವು. ಕ್ಷೇತ್ರದ ಸಮೀಕ್ಷೆಯೊಂದನ್ನೇ ನೋಡುವವರಿಗೆ ಈ ಪರಿಣಾಮ ಕಾಣಿಸುವುದಿಲ್ಲ ಎಂಬುದು ನನ್ನ ಅನಿಸಿಕೆ.