ಇಟಲಿಗೆ ಹೋದವರು ಚಳಿಗಾಲದಲ್ಲಿ ಬೆಟ್ಟ ಹತ್ತಿ ಕುಳಿತದ್ದೇಕೆ?

ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಬೆಳಗಿನ ವಾಕಿಂಗಿನಲ್ಲಿ ಸಿಕ್ಕವರೆಲ್ಲ ಕೇಳುವುದು ಇದೊಂದನ್ನೇ: "ಅಷ್ಟು ದೂರ ಇಟಲಿಗೆ ಹೋಗಿ, ಅದೂ ಚಳಿಗಾಲದಲ್ಲಿ, ಆ ಬೆಟ್ಟದ ಹಳ್ಳಿಯಲ್ಲಿ ಗಂಡ ಹೆಂಡತಿ ಇಬ್ಬರೇ ಏನು ಮಾಡಿದಿರಿ?" ನಮ್ಮ ಯಜಮಾನರ ಅಕ್ಕನಂತೂ "ದುಡ್ಡು ಕೊಟ್ಟು ಚಳಿ ಕೊಂಡುಕೊಂಡು ಬಂದಿರಾ?" ಎಂದು ನೇರವಾಗಿಯೇ ಕೇಳಿದರು. ಚಿಕ್ಕ ಉತ್ತರ "ಏನೂ ಮಾಡಲಿಲ್ಲ" ಎಂಬುದು. ಅದನ್ನು ಯಾರೂ ಒಪ್ಪುವುದಿಲ್ಲವಾದ್ದರಿಂದ ದೊಡ್ಡ ಉತ್ತರವನ್ನು ಬರೆದೇ ಬಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಊರು ಸ್ಕಾನ್ನೊ. ಮಧ್ಯ ಇಟಲಿಯ ಅಬ್ರುಜ್ಜೊ ಪ್ರಾಂತ್ಯದಲ್ಲಿ, ಅಪೆನೈನ್ ಪರ್ವತಗಳ ನಡುವೆ, ಸುಮಾರು 1,050 ಮೀಟರ್ ಎತ್ತರದಲ್ಲಿದೆ. ರೋಮ್‌ನಿಂದ ಸುಲ್ಮೋನಾವರೆಗೆ ರೈಲು, ಅಲ್ಲಿಂದ ಬಸ್ಸು. ಸುಲ್ಮೋನಾ ಲ್ಯಾಟಿನ್ ಕವಿ ಓವಿಡ್ ಹುಟ್ಟಿದ ಊರು; ಈಗಿನವರು ಅಲ್ಲಿಗೆ ಹೋಗುವುದು ಹೆಚ್ಚಾಗಿ ಸಕ್ಕರೆ ಹೊದಿಸಿದ ಬಾದಾಮಿ ಕೊಳ್ಳಲು. ಅದನ್ನು ದಾಟಿದ ಮೇಲೆ ಬಸ್ಸು ಸಜಿತ್ತಾರಿಯೊ ನದಿ ಕೊರೆದ ಕಂದರದೊಳಗೆ ನುಗ್ಗುತ್ತದೆ. ಒಂದು ಬದಿಗೆ ರಸ್ತೆಯ ಮೇಲೆ ಚಾಚಿಕೊಂಡ ಬಂಡೆ, ಇನ್ನೊಂದು ಬದಿಗೆ ಪ್ರಪಾತ. ಕಂದರ ಮುಗಿದ ಮೇಲೆ ಒಂದು ಸರೋವರ, ಸರೋವರದಾಚೆ ಊರು: ಗುಡ್ಡಕ್ಕೆ ಆತುಕೊಂಡು ಭುಜಕ್ಕೆ ಭುಜ ತಾಗಿಸಿ ನಿಂತ ಕಲ್ಲಿನ ಮನೆಗಳು, ವಾಹನ ಹೋಗದ ಮೆಟ್ಟಿಲ ಬೀದಿಗಳು. ಈಗ ಅಲ್ಲಿರುವವರು ಎರಡು ಸಾವಿರಕ್ಕೂ ಕಡಿಮೆ.

ಚಳಿಗಾಲಕ್ಕೇ ಹೋದದ್ದಕ್ಕೆ ಲೌಕಿಕ ಕಾರಣಗಳೂ ಇದ್ದವು, ಸುಳ್ಳೇಕೆ ಹೇಳಲಿ. ನಿವೃತ್ತರ ಪಿಂಚಣಿಗೆ ಆಗಸ್ಟ್ ತಿಂಗಳ ಬಾಡಿಗೆ ನಿಲುಕುವಂಥದ್ದಲ್ಲ. ಡಿಸೆಂಬರ್ ಕಳೆದರೆ ಅದೇ ಮನೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಆದರೆ ನಿಜವಾದ ಕಾರಣ ನಮ್ಮ ಯಜಮಾನರದು. ಅವರು ಚಳ್ಳಕೆರೆ ಕಡೆಯವರು. ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಊರು ಬಿಟ್ಟಿರುವ ಕುರಿಗಾಹಿಗಳನ್ನೂ ಹಿಂದೆ ಉಳಿದು ಉಣ್ಣೆ ನೂಲುವ ಹೆಂಗಸರನ್ನೂ ನೋಡುತ್ತ ಬೆಳೆದವರು. ಸ್ಕಾನ್ನೊ ಇಂಥದ್ದೇ ಊರು ಎಂದು ಎಲ್ಲಿಯೋ ಓದಿದ ದಿನದಿಂದ ಅವರಿಗೆ ಅದೊಂದು ಗುಂಗು. ಕುರಿಗಾಹಿಗಳ ಊರನ್ನು ನೋಡುವುದಾದರೆ ಚಳಿಗಾಲದಲ್ಲಿ ನೋಡಬೇಕು ಎಂಬುದು ಅವರ ವಾದ. ಹೋಗಿ ಬಂದ ಮೇಲೆ ಅದು ನನ್ನ ವಾದವೂ ಆಗಿದೆ.

ಆ ಬೆಟ್ಟಗಳ ಹುಲ್ಲು ಬೇಸಿಗೆಯದ್ದು ಮಾತ್ರ. ಹಿಮ ಬಿದ್ದರೆ ಕುರಿಗೆ ಮೇವಿಲ್ಲ. ಆದ್ದರಿಂದ ಶರತ್ಕಾಲದಲ್ಲಿ ಮಂದೆಗಳು ದಕ್ಷಿಣದ ಪುಲ್ಯಾ ಬಯಲಿಗೆ ಇಳಿಯುತ್ತಿದ್ದವು. ಹಿಂದಿರುಗುವುದು ಹಿಮ ಕರಗಿ ಹೊಸ ಹುಲ್ಲು ಬಂದ ಮೇಲೆ. ಹೋಗುವ ದಾರಿಯನ್ನು ತ್ರಾತ್ತೂರೊ ಎನ್ನುತ್ತಾರೆ. ಕಾಲುದಾರಿ ಎಂದುಕೊಳ್ಳಬೇಡಿ. ದೊಡ್ಡ ತ್ರಾತ್ತೂರೊ 111 ಮೀಟರ್ ಅಗಲ, ಇಡೀ ಮಂದೆ ಮೇಯುತ್ತಲೇ ನಡೆಯಲೆಂದು ಬಿಟ್ಟ ಹುಲ್ಲಿನ ಪಟ್ಟಿ. ಸ್ಕಾನ್ನೊಕ್ಕೆ ಹತ್ತಿರದ ಪೆಸ್ಕಾಸ್ಸೆರೋಲಿಯಿಂದ ಪುಲ್ಯಾದ ಕಾಂದೆಲಾವರೆಗಿನ ದಾರಿಯ ಉದ್ದ 211 ಕಿಲೋಮೀಟರ್. 1447ರಲ್ಲಿ ಅರಾಗೊನ್ ವಂಶದ ದೊರೆ ಅಲ್ಫೋನ್ಸೊ ಈ ಓಡಾಟಕ್ಕೆಂದೇ ಒಂದು ಸುಂಕದ ಇಲಾಖೆ ಕಟ್ಟಿದ. ಕುರಿ ಎಣಿಸಿ ತೆರಿಗೆ ಹಾಕುವುದು, ಬದಲಿಗೆ ಚಳಿಗಾಲದ ಹುಲ್ಲುಗಾವಲು ಹಂಚಿಕೊಡುವುದು ಅದರ ಕೆಲಸ. 1806ರಲ್ಲಿ ಫ್ರೆಂಚರ ಆಳ್ವಿಕೆ ಅದನ್ನು ರದ್ದುಮಾಡಿತು; ಬಯಲು ಗೋಧಿಯ ಪಾಲಾಗುತ್ತ ಹೋಯಿತು. ಮುಂದೆ ಕುರಿಗಳು ರೈಲು ಹತ್ತಿದವು, ಆಮೇಲೆ ಲಾರಿ. 2019ರಲ್ಲಿ ಯುನೆಸ್ಕೊ ಈ ವಲಸೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರುವ ಹೊತ್ತಿಗೆ ನಡೆದು ಹೋಗುವವರು ಬೆರಳೆಣಿಕೆಯಷ್ಟು.

ಇದರಿಂದ ಊರಿಗೆ ಆಗುತ್ತಿದ್ದುದೇನು ಎಂದರೆ, ಅಕ್ಟೋಬರಿನಿಂದ ಮೇವರೆಗೆ ಗಂಡಸರು ಇಲ್ಲ. ಮುದುಕರು, ಮಕ್ಕಳು, ಹೆಂಗಸರು, ಅಷ್ಟೇ. ಸೌದೆ ಹೊರುವುದು, ತಾಮ್ರದ ಕೊಡದಲ್ಲಿ ತಲೆಯ ಮೇಲೆ ನೀರು ತರುವುದು, ನೂಲುವುದು, ನೇಯುವುದು, ಲೆಕ್ಕ ನೋಡುವುದು ಎಲ್ಲ ಅವರದೇ. ಸ್ಕಾನ್ನೊದ ಹೆಂಗಸರ ಕಪ್ಪು ಉಣ್ಣೆಯ ಉಡುಪು ಹೆಸರುವಾಸಿ. ಎಲುಬು ಕೊರೆಯುವ ಚಳಿಗೆ ಹೊಲಿದ ಬಟ್ಟೆ ಅದು. ಫ್ರೆಂಚ್ ಛಾಯಾಗ್ರಾಹಕ ಕಾರ್ತಿಯೆ ಬ್ರೆಸ್ಸೊಂ 1951ರಲ್ಲಿ ಬಂದು ಈ ಹೆಂಗಸರನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ. 1957ರಲ್ಲಿ ಇಟಲಿಯದೇ ಛಾಯಾಗ್ರಾಹಕ ಮಾರಿಯೊ ಜಾಕೊಮೆಲ್ಲಿ ಬಂದ. ಕಪ್ಪು ಬಟ್ಟೆಯ ಹೆಂಗಸರು ಮಸುಕಾಗಿ ಸುತ್ತುವರಿದ ನಡುವೆ ಒಬ್ಬ ಹುಡುಗ ಮಾತ್ರ ಸ್ಪಷ್ಟವಾಗಿ ನಮ್ಮತ್ತ ನಡೆದು ಬರುವ ಅವನ ಚಿತ್ರ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಈಗ ಆ ಉಡುಪು ಸಾಲುಗಟ್ಟಿ ಕಾಣುವುದು ಆಗಸ್ಟ್ 14ರಂದು, ಹಳೆಯ ಕಾಲದ ಮದುವೆಯ ದಿಬ್ಬಣವನ್ನು ಮತ್ತೆ ಆಡಿ ತೋರಿಸುವ ಮೆರವಣಿಗೆಯಲ್ಲಿ. ಹಿಮಕ್ಕೆಂದು ನೇಯ್ದದ್ದನ್ನು ನಡುಬೇಸಿಗೆಯ ಬಿಸಿಲಲ್ಲಿ ಪ್ರವಾಸಿಗರಿಗೆ ತೊಟ್ಟು ತೋರಿಸಬೇಕು! ನನಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾಗಿಲ್ಲ. ಬೇಸಿಗೆಯ ಊರು ನೋಡುವವರದ್ದು, ಚಳಿಗಾಲದ್ದು ಇರುವವರದ್ದು. "ಖಾಲಿ ಊರು" ಎಂದು ಮರುಗುವವರಿಗೆ ನಾನು ಹೇಳುವುದೂ ಇಷ್ಟೇ: ಚಳಿಗಾಲದಲ್ಲಿ ಅರ್ಧ ಖಾಲಿಯಾಗಿರುವುದು ಆ ಊರಿಗೆ ಶತಮಾನಗಳಿಂದ ರೂಢಿ. ಆಗ ಹೋದವರು ಮೇ ತಿಂಗಳಿಗೆ ಬರುತ್ತಿದ್ದರು. ಈಗ ಹೋದವರು ರೋಮ್‌ನಲ್ಲಿ ಮನೆ ಮಾಡಿ ಆಗಸ್ಟಿಗೆ ಬರುತ್ತಾರೆ. ಉಳಿದ ಕುರಿಗಳನ್ನು ಆ ಬೆಟ್ಟಗಳಲ್ಲಿ ಕಾಯುವವರು ಬಹುಮಟ್ಟಿಗೆ ರೊಮೇನಿಯ, ಉತ್ತರ ಮ್ಯಾಸಿಡೋನಿಯಗಳಿಂದ ಬಂದವರು. ಮನೆಯಿಂದ ದೂರ ಚಳಿಗಾಲ ಕಳೆಯುವ ಸರದಿ ಈಗ ಅವರದು.

ಇನ್ನು, ದಿನವಿಡೀ ಏನು ಮಾಡುತ್ತಿದ್ದಿರಿ ಎಂಬುದಕ್ಕೆ ಪ್ರಾಮಾಣಿಕ ಉತ್ತರ: ಒಲೆಯ ಚಾಕರಿ. ನಮ್ಮದು ಪೆಲೆಟ್ ಒಲೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಚಿಕ್ಕ ಚಿಕ್ಕ ಗುಳಿಗೆಗಳನ್ನು ಮೇಲೆ ಸುರಿದರೆ ಒಳಗಿನ ತಿರುಪು ಅವನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ನೂಕುತ್ತದೆ. ಒಂದು ಚೀಲಕ್ಕೆ 15 ಕಿಲೊ. ಕೊರೆಯುವ ದಿನಗಳಲ್ಲಿ ದಿನಕ್ಕೊಂದು ಚೀಲ ಬೇಕು. ಅಂಗಡಿಯವನು ಬೀದಿಯ ತುದಿಯಲ್ಲಿ ಇಳಿಸಿ ಹೋಗುತ್ತಾನೆ. ಹಿಮಗಟ್ಟಿದ ಕಲ್ಲು ಮೆಟ್ಟಿಲುಗಳ ಮೇಲೆ ಅದನ್ನು ಹೊತ್ತು ತರುವಾಗ ಇವರ ಬಾಯಲ್ಲಿ ಬರುತ್ತಿದ್ದ ಚಳ್ಳಕೆರೆಯ ಕನ್ನಡವನ್ನು ಇಲ್ಲಿ ಬರೆಯುವಂತಿಲ್ಲ. ಬೆಳಗ್ಗೆ ಎದ್ದ ಕೂಡಲೇ ಬೂದಿ ತೆಗೆಯಬೇಕು, ಉರಿಯುವ ಬಟ್ಟಲಿನ ತೂತುಗಳಲ್ಲಿ ಕಚ್ಚಿಕೊಂಡ ಕರಿಯನ್ನು ಮೊಳೆಯಿಂದ ಕೆರೆಯಬೇಕು, ಗಾಜಿನ ಮಸಿ ಒರೆಸಬೇಕು. ಒಂದು ದಿನ ತಪ್ಪಿದರೆ ಒಲೆ ಕುಯ್ಯೆಂದು ಕೂಗಿ ಮುಷ್ಕರ ಹೂಡುತ್ತದೆ.

ಅದಕ್ಕೆ ಕರೆಂಟೂ ಬೇಕು. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಕೊಡುವುದು 3 ಕಿಲೋವ್ಯಾಟ್ ಸಂಪರ್ಕ. ಗೀಸರ್, ಬಟ್ಟೆ ಒಗೆಯುವ ಯಂತ್ರ, ಓವನ್ ಮೂರೂ ಒಟ್ಟಿಗೆ ನಡೆದರೆ ಮೀಟರಿನ ಸ್ವಿಚ್ಚು ಟಪ್ ಎಂದು ಬಿದ್ದು ಕರೆಂಟು ಹೋಗುತ್ತದೆ. ಮೀಟರು ಇರುವುದು ಕೆಳಗೆ ಬೀದಿ ಬಾಗಿಲಲ್ಲಿ. ಸ್ನಾನಕ್ಕೆ ಹೋದವರು ಸೋಪಿನ ನೊರೆಯಲ್ಲಿ ಕತ್ತಲಲ್ಲಿ ನಿಂತು ಕೂಗುವುದು, ಇನ್ನೊಬ್ಬರು ಕೋಟು ಹಾಕಿಕೊಂಡು ಹಿಮದಲ್ಲಿ ಇಳಿಯುವುದು. "ಮುಖ ಮುಖ ನೋಡಿಕೊಂಡು ಬೇಸರವಾಗಲಿಲ್ಲವೇ?" ಎಂದು ಕೇಳುವ ಗೆಳತಿಯರೇ, ಜಗಳಕ್ಕೆ ಇಷ್ಟು ಹೊಸ ವಿಷಯಗಳು ನಮಗೆ ವರ್ಷಗಳಿಂದ ಸಿಕ್ಕಿರಲಿಲ್ಲ.

ಸಸ್ಯಾಹಾರಿಗಳು ಏನು ತಿಂದಿರಿ? ಧಾರಾಳವಾಗಿ ತಿಂದೆವು. ಹುರುಳಿಕಾಯಿ ಬೀಜ, ಕಡಲೆ, ಗಿಣ್ಣಿನ ಹಾಗೆ ಮೆದುವಾದ ರಿಕೊಟ್ಟಾ ಎಂಬ ಹಾಲಿನ ತಿನಿಸು, ಸುಲ್ಮೋನಾದ ಕೆಂಪು ಬೆಳ್ಳುಳ್ಳಿ. ಅದೇ ಪ್ರಾಂತ್ಯದ ಸಾಂತೊ ಸ್ತೇಫಾನೊ ದಿ ಸೆಸ್ಸಾನಿಯೊ ಎಂಬ ಹಳ್ಳಿಯ ಮಸೂರ ತೀರ ಸಣ್ಣದು, ಬಣ್ಣ ಕಡುಕಂದು. ನೆನೆಸದೆ ಬೇಯುತ್ತದೆ, ಸಾರಿಗೆ ಹೇಳಿ ಮಾಡಿಸಿದಂತಿದೆ. ಅಬ್ರುಜ್ಜೊ ಜನ ಖಾರ ತಿನ್ನುತ್ತಾರೆ ಎಂಬುದು ನಮಗೆ ದೊಡ್ಡ ಸಮಾಧಾನ. ಮೆಣಸಿನಕಾಯಿ ನೆನೆಸಿದ ಎಣ್ಣೆಯ ಶೀಸೆ ಮೇಜಿನ ಮೇಲೆ ಇದ್ದೇ ಇರುತ್ತದೆ. ತೊಡಕು ಬಂದದ್ದು ಚೀಸ್‌ನಲ್ಲಿ. ಅಲ್ಲಿನ ಹೆಮ್ಮೆಯ ಪೆಕೊರಿನೊ ಕುರಿಹಾಲಿನದು. ಹಾಲು ಒಡೆಸಲು ಬಳಸುವುದು ಸಾಮಾನ್ಯವಾಗಿ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು. ಫರಿಂದೋಲಾ ಎಂಬ ಕಡೆ ಹಂದಿಯದ್ದನ್ನು ಬಳಸುತ್ತಾರೆ. ಇವರು ಕೇಳಿಯೂ ಕೇಳದವರಂತೆ ತಿಂದರು, ನಾನು ಬಿಟ್ಟೆ.

ಬಿಟ್ಟವಳ ಪರೀಕ್ಷೆಯಾದದ್ದು ಜನವರಿ 17ರಂದು. ಅದು ಸಂತ ಅಂತೋನಿಯೊ ಅಬಾತೆಯ ಹಬ್ಬ, ದನಕರುಗಳನ್ನು ಕಾಯುವ ಸಂತ. ಆ ದಿನ ಸ್ಕಾನ್ನೊದಲ್ಲಿ ಹೊರಗೆ ಬೆಂಕಿ ಹೂಡಿ ದೊಡ್ಡ ಕೊಪ್ಪರಿಗೆಯಲ್ಲಿ ಅಗಲ ಪಟ್ಟಿಯ ಪಾಸ್ತಾ ಬೇಯಿಸಿ, ರಿಕೊಟ್ಟಾ ಕಲಸಿ, ಊರಿಗೆಲ್ಲ ಹಂಚುತ್ತಾರೆ. ಜನ ಪಾತ್ರೆ ಹಿಡಿದು ಬರುತ್ತಾರೆ. ನಾವೂ ನಮ್ಮ ಬಾಡಿಗೆ ಮನೆಯ ಸೊಟ್ಟ ಪಾತ್ರೆಯೊಂದನ್ನು ಹಿಡಿದು ನಿಂತೆವು. ಆಳೆತ್ತರದ ಕೋಲಿನಿಂದ ಕಲಕುತ್ತಿದ್ದವನ ಹುಬ್ಬಿನ ಮೇಲೆ ಒಂದು ಕಡೆ ಹಿಮದ ಪುಡಿ, ಇನ್ನೊಂದು ಕಡೆ ಬೆವರು. ಅದುವರೆಗೆ ದಿನವೂ "ಬೊಂಜೊರ್ನೊ" ಎಂದು ಮುಗಿಸುತ್ತಿದ್ದ ಎದುರುಮನೆಯ ಅಜ್ಜಿ ಅಂದು ನನ್ನ ತೋಳು ಹಿಡಿದು ಸಾಲಿನಲ್ಲಿ ಮುಂದಕ್ಕೆ ನೂಕಿದರು. ಇವರು ಕಿವಿಯಲ್ಲಿ, "ರಿಕೊಟ್ಟಾ ಕೂಡ ಅದೇ ಹೆಪ್ಪು ಹಾಕಿ ಹಾಲು ಒಡೆಸಿದ ಮೇಲೆ ಉಳಿಯುವ ತಿಳಿನೀರಿನಿಂದಲೇ ಬರುವುದು" ಎಂದು ಉಸುರಿದರು. ಇಷ್ಟು ದಿನ ತಿಂದದ್ದು ಹೊಟ್ಟೆಯಲ್ಲಿದೆ, ಇನ್ನು ಇದು ಪ್ರಸಾದ, ಸುಮ್ಮನೆ ಪಾತ್ರೆ ಹಿಡಿಯಿರಿ ಎಂದೆ.

ಹೋಗುವ ಮನಸ್ಸಿದ್ದವರಿಗೆ ಕೆಲವು ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಗೆ 90 ದಿನ ಮಾತ್ರ ಇರಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕಾರು ಬಾಡಿಗೆಗೆ ತೆಗೆದುಕೊಂಡರೆ, ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಆ ರಸ್ತೆಗಳಲ್ಲಿ ಹಿಮದ ಟೈರು ಇರಬೇಕು, ಇಲ್ಲವೇ ಗಾಡಿಯಲ್ಲಿ ಟೈರಿಗೆ ಸುತ್ತುವ ಸರಪಳಿ ಇರಬೇಕು. ಭಾನುವಾರ ಬಸ್ಸು ಕಡಿಮೆ. ಮಧ್ಯಾಹ್ನ ಅಂಗಡಿ ಮುಚ್ಚುತ್ತವೆ, ಹಸಿವಾದ ಮೇಲೆ ಹೊರಟರೆ ಪ್ರಯೋಜನವಿಲ್ಲ. ಸಾಂಬಾರ್ ಪುಡಿ ಇಲ್ಲಿಂದಲೇ ಒಯ್ಯಿರಿ. ಮೊಣಕಾಲು ನೋವಿರುವವರು ಸರೋವರದ ದಂಡೆಯಲ್ಲಿ ಮನೆ ನೋಡುವುದು ಲೇಸು, ಹಳೆಯ ಊರೊಳಗೆ ಬೇಡ. ಮತ್ತೆ ಹೋಗುತ್ತೀರಾ ಎಂದರೆ, ಹೋಗುತ್ತೇವೆ, ಜನವರಿಗೇ. ಈ ಸಲ ಮನೆ ಬೀದಿಯ ಮಟ್ಟದಲ್ಲಿರಬೇಕು, ಪೆಲೆಟ್ ಚೀಲಗಳನ್ನು ಬಾಗಿಲವರೆಗೆ ತಂದುಕೊಡುವವರು ಸಿಗಬೇಕು ಎಂದು ಇವರು ಈಗಲೇ ಷರತ್ತು ಹಾಕಿದ್ದಾರೆ.