ಕೇಳಿದರೂ ಮಾತಾಡದ ಬೋರ್ಡು

"ಸ್ಟಾರ್ಟಿಂಗ್ ಕರ್ನಲ್" ಅಂತ ಪರದೆಯ ಮೇಲೆ ಬಂತು. ಅದರ ಮುಂದೆ ಮೂರು ಚುಕ್ಕೆ. ಆಮೇಲೆ ಏನೂ ಇಲ್ಲ.

ಒಂದು ನಿಮಿಷ ಕಾದೆ. ಬೋರ್ಡಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದು ಉರಿದರೆ ಕರೆಂಟ್ ಬರುತ್ತಿದೆ ಅಂತ ಅರ್ಥ, ಅಷ್ಟೇ. ಕೇಬಲ್ ಅಲುಗಾಡಿಸಿದೆ. ಎಂಟರ್ ಒತ್ತಿದೆ. ಸಿಟ್ಟಿನಲ್ಲಿ ಇನ್ನೂ ನಾಲ್ಕು ಸಲ ಒತ್ತಿದೆ. ಗೋಡೆಗೆ ಹೇಳಿದ ಹಾಗಾಯಿತು.

ಅವತ್ತಿನ ಕೆಲಸ ಹೇಳುವುದಕ್ಕೆ ಸುಲಭ. ಲಿನಕ್ಸ್ ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದರ ಸೋರ್ಸ್ ಕೋಡು ಒಂದೇ. ಅದನ್ನು ಮೂರು ಕಡೆ ಓಡಿಸಬೇಕು. ಒಂದು ಮಾಮೂಲಿ ಎಕ್ಸ್86 (ಇಂಟೆಲ್ ಜಾತಿಯ ಪ್ರೊಸೆಸರ್) ಕಂಪ್ಯೂಟರ್, ಒಂದು 64 ಬಿಟ್ ಆರ್ಮ್ (ಮೊಬೈಲ್‌ಗಳಲ್ಲಿರುವ ಜಾತಿಯ ಪ್ರೊಸೆಸರ್) ಬೋರ್ಡು, ಇನ್ನೊಂದು ಯಾವ ಕಾಲದ್ದೋ 32 ಬಿಟ್ ಆರ್ಮ್ ಬೋರ್ಡು. ಮೂರಕ್ಕೂ ಬೇರೆ ಬೇರೆ ಕಾನ್ಫಿಗ್ ಮಾಡಿ (ಕರ್ನಲ್ ಒಳಗೆ ಏನೇನು ಇರಬೇಕು ಅಂತ ಆರಿಸಿ), ಕಂಪೈಲ್ ಮಾಡಿ, ಬೂಟ್ ಆಗಿದ್ದನ್ನು ತೋರಿಸಬೇಕು. ಸಂಜೆಯೊಳಗೆ ಮುಗಿಯುತ್ತೆ ಅಂದುಕೊಂಡಿದ್ದೆ.

ಎಕ್ಸ್86 ಕಂಪ್ಯೂಟರಿನದು ಬೆಳಿಗ್ಗೆಯೇ ಮುಗಿದಿತ್ತು. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ಆ ಕಂಪ್ಯೂಟರಿನ ಒಳಗಿರುವ ಕಾರ್ಡುಗಳೆಲ್ಲ ಪಿಸಿಐ ಬಸ್ ಮೇಲೆ ಕೂತಿರುತ್ತವೆ. ಕರ್ನಲ್ ಹೋಗಿ "ನೀನು ಯಾರಪ್ಪಾ?" ಅಂತ ಕೇಳಿದರೆ, ಪ್ರತಿಯೊಂದೂ ತನ್ನ ಕಂಪನಿಯ ನಂಬರು, ತನ್ನ ನಂಬರು ಎರಡನ್ನೂ ಹೇಳುತ್ತದೆ. ಇಂಟೆಲ್ ತನ್ನ ಕಂಪನಿಗೆ ಇಟ್ಟುಕೊಂಡ ನಂಬರು 8086. ತನ್ನ ಹಳೆಯ ಪ್ರೊಸೆಸರಿನ ಹೆಸರನ್ನೇ ವಿಳಾಸ ಮಾಡಿಕೊಂಡಿದೆ, ನೋಡಿ. ಉಳಿದ ವಿವರ ಬೇಕಾದರೆ ಕಂಪ್ಯೂಟರಿನ ಫರ್ಮ್‌ವೇರೇ ಕೊಡುವ ಎಸಿಪಿಐ ಪಟ್ಟಿಗಳಲ್ಲಿ ಸಿಗುತ್ತದೆ. ನಾನು ಮಾಡಿದ್ದು ಇಷ್ಟೇ: ಆ ಕಂಪ್ಯೂಟರಿನಲ್ಲೇ ಲೋಕಲ್‌ಮಾಡ್‌ಕಾನ್ಫಿಗ್ ಅನ್ನುವ ಕಮಾಂಡ್ ಓಡಿಸಿದೆ. ಆ ಹೊತ್ತಿಗೆ ಯಾವ ಮಾಡ್ಯೂಲ್‌ಗಳು (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಣುಕುಗಳು) ಲೋಡ್ ಆಗಿವೆಯೋ ಅವನ್ನು ಉಳಿಸಿಕೊಂಡು, ಮಿಕ್ಕವನ್ನು ಅದು ತೆಗೆದುಹಾಕುತ್ತದೆ. ಒಂದೇ ಎಚ್ಚರ. ಪೆನ್ ಡ್ರೈವ್, ವೆಬ್‌ಕ್ಯಾಮ್ ಏನೇನು ಬೇಕೋ ಎಲ್ಲ ಚುಚ್ಚಿಟ್ಟು ಓಡಿಸಬೇಕು. ಇಲ್ಲವಾದರೆ ಅವುಗಳನ್ನು ನಡೆಸುವ ಡ್ರೈವರುಗಳೂ ಕಸದ ಜೊತೆ ಹೋಗುತ್ತವೆ. ನನ್ನ ವೆಬ್‌ಕ್ಯಾಮ್ ಹಾಗೇ ಹೋಯಿತು. ಇರಲಿ.

ಆರ್ಮ್ ಬೋರ್ಡಿನ ಸ್ವಭಾವವೇ ಬೇರೆ. ಅಲ್ಲಿ ಸೀರಿಯಲ್ ಪೋರ್ಟು (ಬೋರ್ಡಿನ ಮಾತು ನನ್ನ ಪರದೆಗೆ ಬರುವ ದಾರಿ), ಎಸ್‌ಡಿ ಕಾರ್ಡ್ ಕಂಟ್ರೋಲರು, ಟೈಮರು ಎಲ್ಲ ಒಂದೇ ಚಿಪ್ಪಿನೊಳಗೆ, ಮೆಮೊರಿಯ ಯಾವುದೋ ಒಂದು ವಿಳಾಸದಲ್ಲಿ ಸುಮ್ಮನೆ ಕೂತಿರುತ್ತವೆ. ಕೇಳಿದರೆ ಉತ್ತರ ಕೊಡುವ ಪದ್ಧತಿಯೇ ಅವಕ್ಕಿಲ್ಲ. ಇಂಥ ವಿಳಾಸದಲ್ಲಿ ಇಂಥದ್ದು ಇದೆ ಅಂತ ನಾವೇ ಬರೆದು ಕೊಡಬೇಕು. ಹಾಗೆ ಬರೆದಿಟ್ಟ ಪಟ್ಟಿಗೆ ಡಿವೈಸ್ ಟ್ರೀ ಅಂತ ಹೆಸರು. ಪಟ್ಟಿ ಇದ್ದರೂ ಸಾಲದು, ಅದರಲ್ಲಿ ಹೇಳಿದ ಸಾಧನದ ಡ್ರೈವರ್ ಕರ್ನಲ್ ಒಳಗೆ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಮುಗಿಯಿತು. ಮುಗಿದಿದೆ ಅಂತ ಹೇಳುವುದಕ್ಕೂ ಅದಕ್ಕೆ ಬಾಯಿರುವುದಿಲ್ಲ.

ಆ ಮೂರು ಚುಕ್ಕೆಯ ಮುಂದೆ ಕೂತಿದ್ದಾಗ ನನಗೆ ಇದು ಹೊಳೆದಿರಲಿಲ್ಲ. ಕರ್ನಲ್ ಇಮೇಜ್ (ಕಂಪೈಲ್ ಆಗಿ ಬಂದ ಫೈಲು) ಮೆಮೊರಿಯ ತಪ್ಪು ವಿಳಾಸಕ್ಕೆ ಲೋಡ್ ಆಗಿರಬೇಕು ಅಂದುಕೊಂಡು ವಿಳಾಸ ಬದಲಾಯಿಸಿದೆ. ಕರ್ನಲ್‌ಗೆ ಸೂಚನೆ ಕೊಡುವ ಬೂಟ್ ಸಾಲಿಗೆ ಅರ್ಲಿಕಾನ್ ಅಂತ ಸೇರಿಸಿದೆ. ಕರ್ನಲ್ ಪೂರ್ತಿ ಏಳುವ ಮೊದಲೇ, ನಿದ್ದೆಗಣ್ಣಲ್ಲೇ ಮಾತಾಡಲಿ ಅಂತ ಇರುವ ಸೌಲಭ್ಯ ಅದು. ಆಗಲೂ ಮೌನ. ಅದೂ ಮಾತಾಡದಿದ್ದರೆ ಕರ್ನಲ್ ಶುರುವೇ ಆಗಿಲ್ಲ ಅಂತಲೇ ಅರ್ಥ, ಅಲ್ವಾ? ಅಲ್ಲ. ಆದರೆ ಅಷ್ಟು ತಿಳಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಕೊನೆಗೆ ಗೆಳೆಯನಿಗೆ ಫೋನ್ ಮಾಡಿದೆ. ಇಂಥ ಬೋರ್ಡುಗಳ ಜೊತೆಯೇ ದಿನ ಕಳೆಯುವವನು.

"ಏನೋ, ಸೀರಿಯಲ್ ವೈರು ಅದಲು ಬದಲು ಆಗಿಲ್ಲ ತಾನೆ?"

"ಬೂಟ್‌ಲೋಡರ್ ಹೇಳಿದ್ದೆಲ್ಲ ಚೆನ್ನಾಗಿ ಕಾಣ್ತಿದೆ. ಸ್ಪೀಡು 115200, ಸರಿಯಾಗೇ ಇದೆ."

"ಹಂಗಾದ್ರೆ ಕರ್ನಲ್ ಸತ್ತಿದೆ ಅಂತ ಯಾಕೆ ತಿಳ್ಕೊಂಡೆ? ಬಾಯಿ ಇಲ್ಲದೇ ಇರಬಹುದಲ್ಲ. ಕಾನ್ಫಿಗ್‌ನಲ್ಲಿ ಪಿಎಲ್011 ಇದೆಯಾ ನೋಡು."

ಬೂಟ್‌ಲೋಡರ್ ಅಂದರೆ ಕರ್ನಲ್ಲನ್ನು ಹೊತ್ತು ತಂದು ಶುರು ಮಾಡುವ ಪ್ರೋಗ್ರಾಮು. ಪಿಎಲ್011 ಅಂದರೆ ಆ ಬೋರ್ಡಿನ ಸೀರಿಯಲ್ ಪೋರ್ಟು. ಇರದೇ ಏನು, ನಾನು ಡೆಫ್‌ಕಾನ್ಫಿಗ್‌ನಿಂದಲೇ (ಸೋರ್ಸ್ ಜೊತೆಗೇ ಬರುವ ಸಿದ್ಧ ಕಾನ್ಫಿಗ್) ಶುರು ಮಾಡಿದ್ದು, ಅದರಲ್ಲಿ ಎಲ್ಲ ಇರುತ್ತೆ ಅಂದೆ. "ಇರುತ್ತೆ ಅನ್ನಬೇಡ, ನೋಡು" ಅಂದ. ಗ್ರೆಪ್ ಹೊಡೆದು ಫೈಲಿನಲ್ಲಿ ಹುಡುಕಿದೆ. ಇರಲಿಲ್ಲ. ಅದೊಂದೇ ಅಲ್ಲ, ಆ ಚಿಪ್ಪಿನ ಪ್ಲಾಟ್‌ಫಾರಂ ಹೆಸರಿನ ಮುಂದೆಯೇ "ಈಸ್ ನಾಟ್ ಸೆಟ್" ಅಂತ ಇತ್ತು. ಅದಕ್ಕೆ ಸೇರಿದ ಕ್ಲಾಕ್, ಪಿನ್ ಕಂಟ್ರೋಲ್ ಯಾವುದೂ ಇಲ್ಲ. ಅರ್ಲಿಕಾನ್ ಯಾಕೆ ಮೌನವಾಗಿತ್ತು ಅಂತಲೂ ಈಗ ಗೊತ್ತಾಯಿತು. ಪಿಎಲ್011ಗೆ ಬೇಕಾದ ಅರ್ಲಿಕಾನ್ ಕೋಡು ಇರುವುದು ಅದೇ ಡ್ರೈವರಿನ ಫೈಲಿನೊಳಗೆ. ಡ್ರೈವರೇ ಇಲ್ಲದ ಮೇಲೆ ಅದೆಲ್ಲಿಂದ ಬರಬೇಕು?

ಯಾರು ತೆಗೆದರು? ನಾನೇ. ಹೇಗೆ ಅನ್ನುವುದನ್ನು ಹುಡುಕಿದ್ದೇ ಆ ದಿನದ ದೊಡ್ಡ ಕೆಲಸ.

ಕಾನ್ಫಿಗ್ ಫೈಲಿನ ಪಕ್ಕದಲ್ಲೇ ಅದರ ಹಿಂದಿನ ಪ್ರತಿ ಓಲ್ಡ್ ಅನ್ನುವ ಬಾಲ ಹಚ್ಚಿಕೊಂಡು ಇರುತ್ತದೆ. ಸಾಮಾನ್ಯವಾಗಿ ಯಾರೂ ಅದನ್ನು ತೆಗೆದು ನೋಡುವುದಿಲ್ಲ. ಅವತ್ತು ತೆಗೆದೆ. ಮೊದಲ ಸಾಲು ಖಾಲಿ ಹ್ಯಾಶ್. ಎರಡನೆಯದು, ಇದು ತಾನಾಗಿ ತಯಾರಾದ ಫೈಲು, ಕೈ ಹಾಕಬೇಡಿ ಅನ್ನುವ ಮಾತು. ಮೂರನೆಯ ಸಾಲಿನಲ್ಲಿ "ಲಿನಕ್ಸ್/ಎಕ್ಸ್86" ಅಂತಿತ್ತು.

ಆರ್ಮ್ ಬೋರ್ಡಿನ ಕಾನ್ಫಿಗ್‌ನಲ್ಲಿ ಎಕ್ಸ್86ಗೆ ಏನು ಕೆಲಸ?

ಬೆಳಿಗ್ಗೆ ನಡೆದಿದ್ದು ನೆನಪಾಯಿತು. ಮೊದಲ ಟರ್ಮಿನಲ್‌ನಲ್ಲಿ, ಯಾವ ಜಾತಿಯ ಪ್ರೊಸೆಸರ್ ಅಂತ ಹೇಳುವ ಆರ್ಕ್ ಅನ್ನುವ ವೇರಿಯಬಲ್‌ಗೆ ಆರ್ಮ್64 ಅಂತ ಕೊಟ್ಟು, ಕ್ರಾಸ್ ಕಂಪೈಲರ್ (ಇನ್ನೊಂದು ಜಾತಿಗೆ ಕಂಪೈಲ್ ಮಾಡುವ ಸಾಧನ) ಹೆಸರು ಹೇಳಿ, ಡೆಫ್‌ಕಾನ್ಫಿಗ್ ಮಾಡಿದ್ದೆ. ಆಯ್ಕೆಗಳನ್ನು ಮೆನುವಾಗಿ ತೋರಿಸುವ ಮೆನುಕಾನ್ಫಿಗ್ ತೆರೆದು ಒಂದೆರಡು ಬದಲಾವಣೆಯನ್ನೂ ಮಾಡಿದ್ದೆ. ಆಮೇಲೆ ಟೈಮರ್ 250 ಹರ್ಟ್ಸ್ ಇರುವುದನ್ನು 100ಕ್ಕೆ ಇಳಿಸೋಣ ಅನ್ನಿಸಿತು. ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದಿತ್ತು. ಅಲ್ಲಿ ಸುಮ್ನೆ ಮೇಕ್ ಮೆನುಕಾನ್ಫಿಗ್ ಅಂತ ಹೊಡೆದೆ. ಆ ಟರ್ಮಿನಲ್‌ಗೆ ಆರ್ಕ್ ಯಾವುದು ಅಂತ ಯಾರೂ ಹೇಳಿರಲಿಲ್ಲ. ಹೇಳದಿದ್ದರೆ, ಕರ್ನಲ್ ಕಟ್ಟುವ ಮೇಕ್ ಕಮಾಂಡು ತಾನು ಯಾವ ಕಂಪ್ಯೂಟರಿನ ಮೇಲೆ ಕೂತಿದೆಯೋ ಅದೇ ಜಾತಿ ಅಂದುಕೊಳ್ಳುತ್ತದೆ. ನನ್ನದು ಎಕ್ಸ್86. ಅದು ನನ್ನ ಆರ್ಮ್ ಕಾನ್ಫಿಗ್ ಓದಿತು, ಎಕ್ಸ್86ಗೆ ಗೊತ್ತಿಲ್ಲದ ಹೆಸರುಗಳನ್ನೆಲ್ಲ ಬಿಟ್ಟುಬಿಟ್ಟಿತು, ಮಿಕ್ಕಿದ್ದನ್ನು ನೀಟಾಗಿ ಉಳಿಸಿತು. ವಾಪಸ್ ಮೊದಲ ಟರ್ಮಿನಲ್‌ಗೆ ಬಂದು ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿದೆ. ಇಲ್ಲದ ಉತ್ತರಗಳಿಗೆಲ್ಲ ಡೀಫಾಲ್ಟ್ ತುಂಬಿಕೊಂಡು ಹೋಗು, ನನ್ನನ್ನು ಕೇಳಬೇಡ ಅಂತ ಅದರ ಅರ್ಥ. ಅದು ಕೇಳಲಿಲ್ಲ. ಪ್ಲಾಟ್‌ಫಾರಂಗಳಿಗೆ ಡೀಫಾಲ್ಟ್ ಉತ್ತರ "ಬೇಡ". ಮುಕ್ಕಾಲು ಗಂಟೆ ಕಂಪೈಲ್ ಆಯಿತು. ಒಂದೂ ಎರರ್ ಇಲ್ಲ. ಎರರ್ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮೆನುಕಾನ್ಫಿಗ್ ಪರದೆಯ ನೆತ್ತಿಯ ಮೇಲೆಯೇ ಆರ್ಕಿಟೆಕ್ಚರ್ ಹೆಸರು ಇರುತ್ತದೆ. ಟೈಮರಿನ ಆಯ್ಕೆ ಎಕ್ಸ್86ನಲ್ಲಿ ಒಂದು ಮೆನುವಿನೊಳಗೆ, ಆರ್ಮ್64ನಲ್ಲಿ ಇನ್ನೊಂದರೊಳಗೆ. "ಅರೆ, ಇದು ಇಲ್ಲಿ ಬಂತಲ್ಲ" ಅಂತ ಬೆಳಿಗ್ಗೆ ಅನ್ನಿಸಿತ್ತು ಕೂಡ. ಅನ್ನಿಸಿದ್ದನ್ನು ಅಲ್ಲೇ ಬಿಟ್ಟು ಮುಂದೆ ಹೋಗಿದ್ದೆ.

ಹತ್ತು ಸಾವಿರಕ್ಕೂ ಜಾಸ್ತಿ ಆಯ್ಕೆಗಳಿರುವ ಜಾಗದಲ್ಲಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಆಯ್ಕೆ ಮಾತ್ರ ಆ ಮೆನುವಿನೊಳಗೆ ಇಲ್ಲ. ಹೊರಗೆ ಒಂದು ವೇರಿಯಬಲ್‌ನಲ್ಲಿದೆ. ಇದು ಸರಿಯಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಗೆಳೆಯನ ವಾದ ಬೇರೆ. "ಯಾವ ಊರಿಗೆ ಹೋಗ್ಬೇಕು ಅಂತ ಹೇಳದೆ ಬಸ್ ಹತ್ತಿ, ಕಂಡಕ್ಟರನ್ನ ಬೈದ್ರೆ ಹೆಂಗೆ?"

ಇದಕ್ಕೊಂದು ಹಿನ್ನೆಲೆಯೂ ಇದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದಾಗ ಅದು 386 ಪ್ರೊಸೆಸರಿಗೆ ಮಾತ್ರ. ಬೇರೆ ಕಡೆ ಒಯ್ಯುವ ಹಾಗಿಲ್ಲ ಅಂತ ಅವರೇ ಹೇಳಿಕೊಂಡಿದ್ದರು. 1995ರ 1.2 ಆವೃತ್ತಿಯ ಹೊತ್ತಿಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಅನ್ನುವ ಬೇರೆ ಜಾತಿಯ ಪ್ರೊಸೆಸರುಗಳೆಲ್ಲ ಸೇರಿಕೊಂಡವು. ತಮಾಷೆ ಅಂದರೆ, 2013ರಲ್ಲಿ ಬಂದ 3.8ರಲ್ಲಿ ಆ 386ಅನ್ನೇ ಕೈಬಿಟ್ಟರು. ಹುಟ್ಟಿದ ಮನೆಗೇ ಬೀಗ.

ಸರಿ, ಹೊಸದಾಗಿ ಡೆಫ್‌ಕಾನ್ಫಿಗ್‌ನಿಂದ ಶುರು ಮಾಡಿದೆ. ಈ ಸಲ ಒಂದೇ ಟರ್ಮಿನಲ್. ಮತ್ತೆ ಮುಕ್ಕಾಲು ಗಂಟೆ. ಬೂಟ್ ಮಾಡಿದೆ. ಮೂರು ಚುಕ್ಕೆಯ ಕೆಳಗೆ ಸಾಲುಗಳು ಸುರಿಯತೊಡಗಿದವು. ಆ ಖುಷಿ ಸುಮಾರು ಎರಡು ಸೆಕೆಂಡ್ ಇತ್ತು. "ರೂಟ್ ಡಿವೈಸ್‌ಗಾಗಿ ಕಾಯುತ್ತಿದ್ದೇನೆ" ಅನ್ನುವ ಅರ್ಥದ ಒಂದು ಸಾಲು ಬಂದು ನಿಂತಿತು. ರೂಟ್ ಡಿವೈಸ್ ಅಂದರೆ ಉಳಿದ ಫೈಲುಗಳೆಲ್ಲ ಇರುವ ಜಾಗ, ಇಲ್ಲಿ ಎಸ್‌ಡಿ ಕಾರ್ಡು. ಅದು ಕಾಯಿತು. ಜೊತೆಗೆ ನಾನೂ ಕಾದೆ.

ಬೆಳಿಗ್ಗೆ ಮಾಡಿದ್ದ ಆ "ಒಂದೆರಡು ಬದಲಾವಣೆ"ಯನ್ನು ಈ ಸಲವೂ ತಪ್ಪದೆ ಮಾಡಿದ್ದೆ. ಕರ್ನಲ್ ಚಿಕ್ಕದಾಗಲಿ ಅಂತ ಎಸ್‌ಡಿ ಕಾರ್ಡಿನ ಡ್ರೈವರನ್ನು ಒಳಗೆ ಸೇರಿಸದೆ ಮಾಡ್ಯೂಲ್ ಮಾಡಿಟ್ಟಿದ್ದೆ. ಮೆನುವಿನಲ್ಲಿ ನಕ್ಷತ್ರ ಅಂದರೆ ಕರ್ನಲ್ ಒಳಗೇ, ಎಂ ಅಂದರೆ ಮಾಡ್ಯೂಲ್. ನಾನು ಹಾಕಿದ್ದು ನಕ್ಷತ್ರದ ಜಾಗದಲ್ಲಿ ಎಂ. ಮಾಡ್ಯೂಲ್ ಫೈಲು ಇರುವುದು ಎಲ್ಲಿ? ಎಸ್‌ಡಿ ಕಾರ್ಡಿನಲ್ಲಿ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಪುಟ್ಟ ಫೈಲ್ ಸಿಸ್ಟಮ್) ಇದ್ದಿದ್ದರೆ ಕೀಲಿಯನ್ನು ಹೊರಗಿನಿಂದಲೇ ತಂದು ಕೊಡುತ್ತಿತ್ತು, ದೊಡ್ಡ ಲಿನಕ್ಸ್ ಡಿಸ್ಟ್ರೋಗಳು (ವಿತರಣೆಗಳು) ಮಾಡುವುದೂ ಹಾಗೇ. ನನ್ನ ಬೋರ್ಡಿಗೆ ಅದು ಇರಲಿಲ್ಲ. ಎಂ ಅಳಿಸಿ ನಕ್ಷತ್ರ ಹಾಕಿದೆ. ಈ ಸಲ ಕಂಪೈಲ್ ಬೇಗ ಮುಗಿಯಿತು, ಬದಲಾಗಿದ್ದಷ್ಟನ್ನೇ ಕಟ್ಟಬೇಕಿತ್ತಲ್ಲ. ಲಾಗಿನ್ ಪ್ರಾಂಪ್ಟ್ ಬಂತು.

ಉಳಿದಿದ್ದು ಹಳೆಯ 32 ಬಿಟ್ ಬೋರ್ಡು. ರಾತ್ರಿಯಾಗಿತ್ತು. ನಾಳೆ ಮಾಡೋಣ ಅಂತ ಬುದ್ಧಿ ಹೇಳಿತು. ಕೈ ಕೇಳಲಿಲ್ಲ.

ಒಂದು ಕಾಲದಲ್ಲಿ ಇಂಥ ಪ್ರತಿ ಬೋರ್ಡಿಗೂ ಕರ್ನಲ್ ಒಳಗೆ ಒಂದೊಂದು ಸಿ ಫೈಲ್ ಇರುತ್ತಿತ್ತು, ಒಂದೊಂದು ನಂಬರೂ ಇರುತ್ತಿತ್ತು. ಬೂಟ್‌ಲೋಡರ್ ಆ ನಂಬರನ್ನು ಆರ್1 ರಿಜಿಸ್ಟರಿನಲ್ಲಿಟ್ಟು ಕರ್ನಲ್‌ಗೆ ದಾಟಿಸುತ್ತಿತ್ತು. ಬೋರ್ಡುಗಳು ಜಾಸ್ತಿಯಾದ ಹಾಗೆ ಫೈಲುಗಳೂ ಬೆಳೆದವು. 2011ರಲ್ಲಿ ಟೊರ್ವಾಲ್ಡ್ಸ್ ಆರ್ಮ್‌ನವರ ಮೇಲೆ ಬಹಿರಂಗವಾಗಿಯೇ ರೇಗಿದರು. ಅದಾದ ಮೇಲೆ ಆರ್ಮ್ ಕೂಡ ಡಿವೈಸ್ ಟ್ರೀ ಕಡೆ ಜೋರಾಗಿ ಹೊರಳಿತು. ಪವರ್‌ಪಿಸಿಯವರು ಅದನ್ನು ಮೊದಲೇ ಬಳಸುತ್ತಿದ್ದರು. 2012ರ ಕೊನೆಗೆ ಬಂದ 3.7ರಿಂದ, ಬೇರೆ ಬೇರೆ ಕಂಪನಿಗಳ ಚಿಪ್ಪುಗಳಿಗೆ ಒಂದೇ 32 ಬಿಟ್ ಆರ್ಮ್ ಕರ್ನಲ್ ಕಟ್ಟುವುದು ಸಾಧ್ಯವಾಯಿತು. ಮಲ್ಟಿ ವಿ7 ಡೆಫ್‌ಕಾನ್ಫಿಗ್ ಅಂತ ಇರುವುದು ಅದಕ್ಕೇ.

ನನ್ನ ಬೋರ್ಡಿನ ಬೂಟ್‌ಲೋಡರ್ ಮಾತ್ರ ಇದ್ಯಾವುದೂ ಗೊತ್ತಿಲ್ಲದ ಕಾಲದ್ದು. ಡಿವೈಸ್ ಟ್ರೀ ಕೊಡು ಅಂದರೆ ಅದಕ್ಕೆ ಅರ್ಥವೇ ಆಗುವುದಿಲ್ಲ. ಅದಕ್ಕೂ ಒಂದು ಉಪಾಯ ಕಾನ್ಫಿಗ್‌ನಲ್ಲೇ ಇದೆ. ಅಪೆಂಡೆಡ್ ಡಿಟಿಬಿ ಅನ್ನುವ ಆಯ್ಕೆಗೆ ಹೂಂ ಅಂದು, ಝಡ್‌ಇಮೇಜ್ ಅನ್ನುವ ಕರ್ನಲ್ ಫೈಲಿನ ಬಾಲಕ್ಕೆ ಡಿಟಿಬಿ ಫೈಲನ್ನು (ಕಂಪೈಲ್ ಆದ ಡಿವೈಸ್ ಟ್ರೀ) ಕ್ಯಾಟ್ ಕಮಾಂಡಿನಿಂದ ಅಂಟಿಸಿಬಿಟ್ಟರೆ ಆಯಿತು. ಬೂಟ್‌ಲೋಡರ್ ಒಂದೇ ಫೈಲು ಅಂದುಕೊಂಡು ಹೊತ್ತು ತರುತ್ತದೆ. ಕರ್ನಲ್ ತನ್ನ ಬಾಲ ತಾನೇ ತಿರುಗಿ ನೋಡಿಕೊಳ್ಳುತ್ತದೆ. ಇದು ನನಗೆ ತುಂಬಾ ಇಷ್ಟವಾದ ಕುತಂತ್ರ.

ಅಂಟಿಸಿದೆ. ಬೂಟ್ ಮಾಡಿದೆ. ಒಂದೇ ಏಟಿಗೆ ಎದ್ದಿತು. ಲಾಗಿನ್ ಆಗಿ ನೆಟ್‌ವರ್ಕ್ ನೋಡಿದರೆ ಈಥರ್ನೆಟ್ ಇಲ್ಲ. ಬೂಟ್ ಸಾಲುಗಳನ್ನು ಮೇಲಿನಿಂದ ಓದುತ್ತಾ ಬಂದೆ. ಶುರುವಿನಲ್ಲೇ "ಮಷೀನ್ ಮಾಡೆಲ್" ಅಂತ ಒಂದು ಸಾಲು ಬರುತ್ತದೆ. ಅಲ್ಲಿ ನನ್ನ ಬೋರ್ಡಿನ ಹೆಸರಿರಲಿಲ್ಲ. ಅದೇ ಚಿಪ್ಪು ಇರುವ, ಅದೇ ಕಂಪನಿಯ ಇನ್ನೊಂದು ಬೋರ್ಡಿನ ಹೆಸರಿತ್ತು. ಡಿಟಿಬಿ ಪಟ್ಟಿಯಲ್ಲಿ ಒಂದು ಸಾಲು ಮೇಲಿನದನ್ನು ಎತ್ತಿ ಅಂಟಿಸಿದ್ದೆ.

ಬೋರ್ಡು ಅದನ್ನೇ ತನ್ನ ಹೆಸರು ಅಂತ ಹೇಳಿಕೊಂಡು ಆರಾಮಾಗಿ ಕೂತಿತ್ತು. ಹೆಸರು ಸರಿ ಮಾಡುವ ಕೆಲಸವನ್ನು ಬೆಳಿಗ್ಗೆಗೆ ಬಿಟ್ಟು ಲೈಟ್ ಆರಿಸಿದೆ.