ನೀರು ಮರಳಿ ಬರುವ ತನಕ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಮ್ಮೂರಿನಲ್ಲಿ ನೀರೆಂದರೆ ಕೆರೆ, ಕೆರೆಯೆಂದರೆ ಒಳ್ಳೆಯ ಮಳೆಯಾದ ವರ್ಷ ಕೋಡಿ ಹರಿದು ಆಮೇಲಿನ ಐದಾರು ವರ್ಷ ಸೀಮೆಜಾಲಿ ಬೆಳೆದು ಕುರಿ ಮೇಯುವ ಬಯಲು. ನಾನು ಬಿದಿರ ಕಡ್ಡಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ ಗಾಳ ಹಾಕಲು ಕಲಿತದ್ದು ಆ ಕೆರೆಯ ತೂಬಿನ ಕಲ್ಲಿನ ಮೇಲೆ ಕುಳಿತು. ಸಿಗುತ್ತಿದ್ದದ್ದು ಜಿಲೇಬಿ ಮೀನು, ಅದೃಷ್ಟವಿದ್ದರೆ ಕೊರಮೀನು. ಇಂಥವನು ಅರವತ್ತೆರಡನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕಿಂಬರ್ಲಿ ಕರಾವಳಿಯಲ್ಲಿ ಆರು ದಿನ ದೋಣಿಯಲ್ಲಿ ತಿರುಗಿ, ದಡದಲ್ಲಿ ಮಲಗಿ, ಮೀನು ಹಿಡಿದು ಬಂದನೆಂದರೆ ಅದಕ್ಕೆ ಕಾರಣ ಪರ್ತ್‌ನಲ್ಲಿ ಗಣಿ ಕೆಲಸದಲ್ಲಿರುವ ಮಗ. ನಮ್ಮ ತಂದೆ ಕೆ.ಜಿ.ಎಫ್. ಗಣಿಯಲ್ಲಿ ದುಡಿದವರು. ಮಗ ಎರಡು ತಲೆಮಾರಿನ ಕಸುಬನ್ನು ಸಮುದ್ರದಾಚೆಗೆ ಒಯ್ದಿದ್ದಾನೆ. ನನ್ನ ಹೆಂಡತಿ ಮಾತ್ರ ಮೊಸಳೆಯ ಹೆಸರು ಕೇಳಿದೊಡನೆ ಸೊಸೆಯ ಜೊತೆ ಮನೆಯಲ್ಲೇ ಉಳಿಯುವುದಾಗಿ ಹೇಳಿದಳು.

ಕಿಂಬರ್ಲಿ ಪ್ರಾಂತ್ಯದ ವಿಸ್ತೀರ್ಣ ನಮ್ಮ ಕರ್ನಾಟಕದ ಎರಡರಷ್ಟಕ್ಕಿಂತ ಹೆಚ್ಚು, ಆದರೆ ಅಲ್ಲಿರುವ ಜನ ನಮ್ಮದೊಂದು ದೊಡ್ಡ ಹೋಬಳಿಯ ಜನರಷ್ಟೂ ಇರಲಾರರೇನೋ ಎನಿಸುತ್ತದೆ. ಕರಾವಳಿಯ ಬಹುಭಾಗಕ್ಕೆ ರಸ್ತೆಯೇ ಇಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಮತ್ತು ಚಂಡಮಾರುತ, ಉಳಿದ ತಿಂಗಳುಗಳಲ್ಲಿ ಒಂದು ಹನಿಯೂ ಬೀಳದ ನೀಲಿ ಆಕಾಶ. ನಾವು ಹೋದದ್ದು ಜೂನ್ ತಿಂಗಳಿನಲ್ಲಿ, ಹುಣ್ಣಿಮೆಗೆ ಎರಡು ದಿನ ಮೊದಲು, ಡರ್ಬಿ ಎಂಬ ಸಣ್ಣ ಪಟ್ಟಣದಿಂದ. ದೊಡ್ಡ ದೋಣಿಯೊಂದು, ಅದರ ಬೆನ್ನಿಗೆ ಕಟ್ಟಿದ ಎರಡು ಅಲ್ಯೂಮಿನಿಯಂ ದೋಣಿಗಳು, ನಾವು ಎಂಟು ಜನ. ಡರ್ಬಿಯ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದಾಗ ಕಂಡದ್ದು ಬರೀ ಕೆಸರು. ಅಲ್ಲಿ ಭರತ ಮತ್ತು ಇಳಿತದ ನಡುವಿನ ಅಂತರ ಹನ್ನೊಂದು ಮೀಟರನ್ನೂ ದಾಟುತ್ತದೆ, ಅಂದರೆ ಮೂರಂತಸ್ತಿನ ಮನೆಯಷ್ಟು ನೀರು ದಿನಕ್ಕೆ ಎರಡು ಸಲ ಬಂದು ಎರಡು ಸಲ ಹೋಗುತ್ತದೆ. ಐದಾರು ವರ್ಷಕ್ಕೊಮ್ಮೆ ತುಂಬುವ ಕೆರೆಯ ಕಟ್ಟೆಯಿಂದ ಬಂದವನಿಗೆ ಈ ಲೆಕ್ಕ ಸುಲಭವಾಗಿ ತಲೆಗೆ ಹತ್ತಲಿಲ್ಲ.

ಮೊದಲ ಎರಡು ದಿನಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಬಕನೀರ್ ದ್ವೀಪಸ್ತೋಮದ ನೂರಾರು ದ್ವೀಪಗಳ ನಡುವೆ ಸಾಗಿದೆವು. 1688ರಲ್ಲಿ ಈ ಕಡಲಿಗೆ ಬಂದಿದ್ದ ವಿಲಿಯಂ ಡ್ಯಾಂಪಿಯರ್ ಎಂಬ ಕಡಲುಗಳ್ಳ ನಾವಿಕನ ನೆನಪಿಗೆ ಆ ಹೆಸರು. ಟ್ಯಾಲ್ಬಟ್ ಕೊಲ್ಲಿಯಲ್ಲಿ ಬೆಟ್ಟದ ಸಾಲನ್ನು ಸೀಳಿದ ಎರಡು ಇಕ್ಕಟ್ಟಾದ ಸಂದುಗಳಿವೆ. ಹೊರಗಿನ ಕಡಲು ಇಳಿಯುವಷ್ಟು ವೇಗವಾಗಿ ಒಳಗಿನ ನೀರು ಆ ಸಂದಿನಿಂದ ಹೊರಬರಲಾರದ ಕಾರಣ ಎರಡೂ ಬದಿಯ ಮಟ್ಟ ಬೇರೆಯಾಗಿ, ಸಮುದ್ರವೇ ಜಲಪಾತದಂತೆ ಅಡ್ಡಲಾಗಿ ಧುಮುಕುತ್ತದೆ. ನೋಡಲು ಬೆರಗಿನದು, ಆದರೆ ವಿಮಾನದಲ್ಲಿ ಬಂದ ಪ್ರವಾಸಿಗರೂ ಅಲ್ಲಿದ್ದುದರಿಂದ ನನಗೆ ಅದು ಜಾತ್ರೆಯ ತೇರಿನಂತೆ ಕಂಡಿತು. ಕೆಂಪು ಬಂಡೆಗಳು ಸುಮಾರು 180 ಕೋಟಿ ವರ್ಷ ಹಳೆಯವೆಂದು ನಮ್ಮ ದೋಣಿಯ ಯಜಮಾನ ಹೆಮ್ಮೆಯಿಂದ ಹೇಳಿದಾಗ, ಕೋಲಾರದ ಚಿನ್ನದ ಶಿಲಾಪಟ್ಟಿಯ ವಯಸ್ಸು 270 ಕೋಟಿ ವರ್ಷಗಳ ಹತ್ತಿರದ್ದು ಎಂದು ನಾನೂ ಸುಮ್ಮನಿರದೆ ಹೇಳಿದೆ.

ರಾತ್ರಿ ಮಲಗುತ್ತಿದ್ದದ್ದು ‘ಸ್ವಾಗ್’ ಎಂಬ ದಪ್ಪ ಕ್ಯಾನ್ವಾಸಿನ ಚೀಲದಲ್ಲಿ. ಒಳಗೆ ತೆಳುವಾದ ಹಾಸಿಗೆ, ಮುಖದ ಮೇಲೆ ಸೊಳ್ಳೆಪರದೆ. ಜಾಗ ಆರಿಸುವುದಕ್ಕೆ ಎರಡು ನಿಯಮಗಳಿದ್ದವು. ಮರಳಿನ ಮೇಲೆ ಕಸಕಡ್ಡಿಯ ಗೆರೆ ಎಲ್ಲಿದೆಯೋ ಅದಕ್ಕಿಂತ ಮೇಲೆ ಇರಬೇಕು, ನೀರಿನಂಚಿನಿಂದ ಕನಿಷ್ಠ 50 ಮೀಟರ್ ದೂರವಿರಬೇಕು. ಮೊದಲನೆಯದು ಉಬ್ಬರಕ್ಕೆ, ಎರಡನೆಯದು ಉಪ್ಪುನೀರಿನ ಮೊಸಳೆಗೆ. ಚರ್ಮಕ್ಕಾಗಿ ಬೇಟೆಯಾಡಿ ಬಹುತೇಕ ಮುಗಿಸಿಬಿಟ್ಟಿದ್ದ ಆ ಪ್ರಾಣಿಗೆ 1970ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಾನೂನಿನ ರಕ್ಷಣೆ ದೊರೆತ ಮೇಲೆ ಅದು ಮತ್ತೆ ತನ್ನ ಹೊಳೆಗಳನ್ನು ಹಿಡಿದುಕೊಂಡಿದೆ. ಒಂದೇ ಜಾಗದಲ್ಲಿ ಎರಡು ಸಲ ನೀರಿಗೆ ಇಳಿಯಬೇಡಿ, ಮೀನು ತೊಳೆದ ಜಾಗಕ್ಕೆ ಮರಳಿ ಹೋಗಬೇಡಿ ಎಂದು ಯಜಮಾನ ದಿನವೂ ಹೇಳುತ್ತಿದ್ದ. ಮೊಸಳೆ ನಮ್ಮ ಅಭ್ಯಾಸಗಳನ್ನು ಗಮನಿಸುತ್ತದೆಯಂತೆ.

ಮೂರನೆಯ ದಿನ ರಾಫ್ಟ್ ಪಾಯಿಂಟ್ ಎಂಬಲ್ಲಿ ಹೊಟ್ಟೆ ಉಬ್ಬಿದ ಬೋವಾಬ್ ಮರಗಳ ನಡುವೆ ಬೆಟ್ಟ ಹತ್ತಿದೆವು. ನಮ್ಮ ಸವಣೂರಿನಲ್ಲಿ ‘ದೊಡ್ಡ ಹುಣಸೆ’ ಎಂದು ಕರೆಯುವ ಬಾವೊಬಾಬ್ ಮರಗಳನ್ನು ನೋಡಿದವರಿಗೆ ಅದು ದಾಯಾದಿ ಮರವೆಂದು ತಕ್ಷಣ ತಿಳಿಯುತ್ತದೆ. ಮೇಲಿನ ಗವಿಯ ಚಾವಣಿಯಲ್ಲಿ ಬಿಳಿ ಮುಖದ, ದೊಡ್ಡ ಕಣ್ಣುಗಳ, ಬಾಯಿಯೇ ಇಲ್ಲದ ವಾಂಜಿನ ದೇವತೆಗಳ ಚಿತ್ರಗಳಿವೆ. ಇವರು ಮೋಡ ಮತ್ತು ಮಳೆಯನ್ನು ತರುವವರೆಂದು ಆ ನೆಲದ ವೊರೊರಾ ಮೊದಲಾದ ಮೂಲನಿವಾಸಿಗಳ ನಂಬಿಕೆ. ಬಾಯಿ ಬರೆದರೆ ಮಳೆ ನಿಲ್ಲುವುದೇ ಇಲ್ಲವಾದ್ದರಿಂದ ಬಾಯಿ ಬರೆದಿಲ್ಲ ಎನ್ನುತ್ತಾರೆ. ನನಗೆ ಚಿಕ್ಕಂದಿನಲ್ಲಿ ಹಲಗೆಯ ಮೇಲೆ ಜೇಡಿಮಣ್ಣಿನ ಮಳೆರಾಯನನ್ನು ಕೂರಿಸಿ, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ, ಮನೆಮನೆಯ ಮುಂದೆ ನೀರು ಹುಯ್ಯಿಸಿಕೊಳ್ಳುತ್ತಿದ್ದದ್ದು ನೆನಪಾಯಿತು. ನಮ್ಮ ಮಳೆರಾಯನಿಗೆ ಬಾಯಿ ಇತ್ತೇ ಇಲ್ಲವೇ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ನಾಲ್ಕನೆಯ ದಿನ, ಹುಣ್ಣಿಮೆಯ ಮರುದಿನ, ಮಗ, ನಾನು ಮತ್ತು ಯಜಮಾನನ ಸಹಾಯಕನಾದ ಒಬ್ಬ ತರುಣ ಚಿಕ್ಕ ದೋಣಿಯಲ್ಲಿ ಡೌಟ್‌ಫುಲ್ ಕೊಲ್ಲಿಗೆ ಸೇರುವ ಕಾಂಡ್ಲಾ ಕಾಡಿನ ಒಂದು ಕವಲಿನೊಳಗೆ ಹೋದೆವು. ಹುಡುಕುತ್ತಿದ್ದದ್ದು ಬ್ಯಾರಮಂಡಿಯನ್ನು. ಇದು ನಮಗೆ ಹೊಸ ಮೀನೇನಲ್ಲ, ಆಂಧ್ರದವರು ಪಂಡುಗಪ್ಪ ಎಂದೂ ತಮಿಳರು ಕೊಡುವ ಎಂದೂ ಕರೆಯುವುದು ಇದನ್ನೇ. ನೀರು ಇಳಿಯುವಾಗ ಕಾಂಡ್ಲಾ ಬೇರುಗಳ ನಡುವೆ ಅಡಗಿದ್ದ ಸಣ್ಣ ಮೀನು, ಸಿಗಡಿಗಳೆಲ್ಲ ಕಾಲುವೆಗೆ ಬಂದು ಬೀಳುತ್ತವೆ, ಅವುಗಳಿಗಾಗಿ ಬ್ಯಾರಮಂಡಿ ಕಾಲುವೆಯ ಬಾಯಲ್ಲಿ ಹೊಂಚು ಹಾಕಿರುತ್ತದೆ. ಹಾಗಾಗಿ ಮೀನು ಸಿಗುವ ಹೊತ್ತೂ ಹೊರಡಬೇಕಾದ ಹೊತ್ತೂ ಒಂದೇ. ತರುಣ ಮೂರು ಗಂಟೆಗೇ ಹೊರಡೋಣ ಎಂದ. ಇನ್ನೆರಡು ಸಲ ಎಸೆಯುತ್ತೇನೆ ಎಂದವನು ನಾನು. ಬೇಡವೆನ್ನಲು ಅವನಿಗೆ ಸಂಕೋಚವಾಯಿತೆಂದು ಕಾಣುತ್ತದೆ.

ಎರಡನೆಯ ಎಸೆತಕ್ಕೆ ಕೃತಕ ಮೀನು ನೀರಿಗೆ ಬಿದ್ದು ಎರಡು ಸುತ್ತು ರೀಲು ತಿರುಗಿಸುವಷ್ಟರಲ್ಲಿ ಬಡಿಗೆಯಿಂದ ಬಡಿದಂತೆ ಹೊಡೆತ ಬಿತ್ತು. ಬೆಳ್ಳಿಯ ಹಲಗೆಯಂಥ ಮೀನು ಪೂರ್ತಿ ನೀರಿನ ಮೇಲಕ್ಕೆ ನೆಗೆದು, ತಲೆ ಕೊಡವಿ, ಬಾಯಿಯ ಗಾಳ ಕಿತ್ತುಕೊಳ್ಳಲು ನೋಡಿತು. ದಾರ ಬೇರಿಗೆ ಸುತ್ತಿಕೊಳ್ಳದಂತೆ ಹತ್ತು ನಿಮಿಷ ಹೆಣಗಿ ಪಕ್ಕಕ್ಕೆ ತಂದಾಗ ನನ್ನ ಕೈ ನಡುಗುತ್ತಿತ್ತು. ಮಗ ಅಳತೆಪಟ್ಟಿಯ ಮೇಲೆ ಇಟ್ಟು ನೋಡಿದ: 87 ಸೆಂಟಿಮೀಟರ್. “ಅಪ್ಪಾ, ಇದನ್ನ ಬಿಡಬೇಕು” ಎಂದ. ಅಲ್ಲಿ 55ರಿಂದ 80 ಸೆಂಟಿಮೀಟರಿನೊಳಗಿನ ಬ್ಯಾರಮಂಡಿಯನ್ನು ಮಾತ್ರ ಇಟ್ಟುಕೊಳ್ಳಬಹುದು. ಈ ಮೀನು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವುದರಿಂದ ದೊಡ್ಡವೆಲ್ಲ ಮೊಟ್ಟೆಯಿಡುವ ತಾಯಿಯರು. ಬಾಲ ಹಿಡಿದು ನೀರಿನಲ್ಲಿ ಒಂದು ಕ್ಷಣ ನಿಲ್ಲಿಸಿದೆ. ಕೈಗೆ ಒಂದು ಏಟು ಕೊಟ್ಟು ಹೋಯಿತು. ತಲೆಯೆತ್ತಿ ನೋಡಿದರೆ ದೋಣಿಯ ಮುಂಭಾಗ ಕೆಸರಿನ ಮೇಲೆ ಕುಳಿತಿತ್ತು.

ಇಳಿತದ ಆರು ಗಂಟೆಗಳಲ್ಲಿ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ, ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ಹೋಗಿಬಿಡುತ್ತದೆ. ಅಂದಿನ ಇಳಿತ ಎಂಟು ಮೀಟರಿಗೆ ಕಡಿಮೆಯಿರಲಿಲ್ಲ. ಹಾಗೆಂದರೆ ನಿಮಿಷಕ್ಕೆ ಮೂರು ಸೆಂಟಿಮೀಟರು, ನನ್ನ ಹತ್ತು ನಿಮಿಷದ ಹೆಣಗಾಟಕ್ಕೆ ಒಂದಡಿ ನೀರು. ತರುಣ ಹುಟ್ಟಿನಿಂದ ತಳ್ಳಿ ನೋಡಿದ. ಹುಟ್ಟು ಮೊಣಕೈ ಆಳ ಹೂತಿತೇ ಹೊರತು ದೋಣಿ ಅಲುಗಲಿಲ್ಲ. ಇಳಿದು ತಳ್ಳೋಣವೆಂದು ನಾನು ಎದ್ದೆ. ಅವನು ಮಾತಾಡದೆ ಎದುರು ದಂಡೆಯನ್ನು ತೋರಿಸಿದ. ಅಲ್ಲಿ ಮರದ ದಿಮ್ಮಿ ಎಳೆದಂತೆ ನುಣುಪಾದ ಜಾರುಗುರುತು, ಅದರ ಮೇಲ್ತುದಿಯಲ್ಲಿ ಆ ದಿಮ್ಮಿ. ಬಾಯಿ ಅರ್ಧ ತೆರೆದು, ಕೆಸರು ಮೆತ್ತಿಕೊಂಡು, ನಮ್ಮ ಕಡೆಗೆ ನೋಡುತ್ತಲೂ ಇರಲಿಲ್ಲ. ನಾನು ಕುಳಿತುಕೊಂಡೆ.

ವಾಕಿಟಾಕಿಯಲ್ಲಿ ಯಜಮಾನನಿಗೆ ಸುದ್ದಿ ಹೋಯಿತು. ಅವನೂ ಏನೂ ಮಾಡುವಂತಿರಲಿಲ್ಲ. ಆಗ 3.25. ಇಳಿತದ ಕೊನೆ 5.20ಕ್ಕೆ, ಆದ್ದರಿಂದ 7.15ಕ್ಕೆ ನೀರು ಮತ್ತೆ ಇದೇ ಮಟ್ಟಕ್ಕೆ ಬರುತ್ತದೆ ಎಂದು ತರುಣ ಲೆಕ್ಕ ಹಾಕಿ, ದೋಣಿಯ ಅಂಚಿನಲ್ಲಿ ಪೆನ್ನಿನಿಂದ ಬರೆದ. ಸೊಸೆ ಕಟ್ಟಿಕೊಟ್ಟಿದ್ದ ನಿಪ್ಪಟ್ಟಿನ ಡಬ್ಬಿಯನ್ನು ನಾನು ತೆರೆದೆ. ಖಾರಕ್ಕೆ ಅವನ ಕಿವಿ ಕೆಂಪಾದರೂ ನಾಲ್ಕು ತಿಂದ.

ಕಾಲುವೆ ಎಳೆಯಷ್ಟು ಸಣ್ಣದಾಯಿತು. ಕೆಸರಿನ ಮೇಲೆ ಕಾಲಿರುವಂತೆ ಕುಪ್ಪಳಿಸುವ ಮೀನುಗಳು, ಒಂದೇ ದೊಡ್ಡ ಕೊಂಡಿಯನ್ನು ಬೀಸುತ್ತ ಕೂರುವ ಏಡಿಗಳು, ಚಟಪಟ ಎಂದು ಒಣಗುವ ಕೆಸರಿನ ಸದ್ದು. ನಮ್ಮ ಕೆರೆ ಬತ್ತಿದಾಗಲೂ ಕೊನೆಗೆ ಹೀಗೇ ಒಂದು ಗುಂಡಿ ಉಳಿಯುತ್ತಿತ್ತು, ಊರಿನ ಹುಡುಗರೆಲ್ಲ ಇಳಿದು ಕೈಯಲ್ಲೇ ಮೀನು ಬಾಚುತ್ತಿದ್ದೆವು. ಆಮೇಲೆ ನೀರು ಯಾವಾಗ ಬರುವುದೆಂದು ಬರೆದಿಡುವ ಪೆನ್ನು ಯಾರ ಬಳಿಯೂ ಇರಲಿಲ್ಲ. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಡಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೋಡಲು ಹೋದವರಲ್ಲಿ ನಾನೂ ಒಬ್ಬ. ಆ ನೀರಿನ ಗುಣದ ಬಗ್ಗೆ ನನಗೆ ಈಗಲೂ ತಕರಾರಿದೆ. ಆದರೆ ಅಂದು ಕಟ್ಟೆಯ ಮೇಲೆ ನಿಂತ ಮುದುಕರು ಅತ್ತದ್ದನ್ನೂ ಕಂಡಿದ್ದೇನೆ.

ಸೂರ್ಯ ಮುಳುಗಿದ. ದಕ್ಷಿಣದಲ್ಲಿ ತ್ರಿಶಂಕು ನಕ್ಷತ್ರಗಳು, ಕೋಲಾರದಲ್ಲಿ ದಿಗಂತದ ಮೇಲೆ ತುಸುವೇ ಏಳುವಂಥವು, ಇಲ್ಲಿ ಆಕಾಶದ ಅರ್ಧಕ್ಕೆ ಬಂದು ನಿಂತಿದ್ದವು. ಉತ್ತರದಲ್ಲಿ ಸಪ್ತರ್ಷಿಗಳು ಮರದ ತುದಿಗೆ ತಾಗುವಂತಿದ್ದರೆ ಧ್ರುವ ನಕ್ಷತ್ರ ನೆಲದ ಕೆಳಗಾಗಿತ್ತು. ಆರು ಗಂಟೆಯ ಸುಮಾರಿಗೆ ದೂರದಿಂದ ಅಕ್ಕಿ ಸುರಿದಂಥ ಸದ್ದು ಕೇಳಿಸಿತು. ನೊರೆಯ ಒಂದು ಗೆರೆ ಕಾಲುವೆಯ ತಿರುವಿನಲ್ಲಿ ಕಾಣಿಸಿ, ಕಡ್ಡಿ ಎಲೆಗಳನ್ನು ಮುಂದಿಟ್ಟುಕೊಂಡು, ನಮ್ಮ ಕಡೆಗೆ ನಡೆದು ಬಂತು. ಟಾರ್ಚು ಹಾಕಿ ಎದುರು ದಂಡೆಯನ್ನು ನೋಡಿದೆವು. ಜಾರುಗುರುತಿತ್ತು, ದಿಮ್ಮಿ ಇರಲಿಲ್ಲ. ಆಮೇಲಿನ ಒಂದು ಗಂಟೆ ಮೂವರೂ ದೋಣಿಯ ನಡುಮಧ್ಯದಲ್ಲಿ ಮೊಣಕಾಲು ಮಡಚಿ ಕುಳಿತೆವು, ಮಗ ನನ್ನ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದ. ದೋಣಿ ಒಮ್ಮೆ ಹಿಂದಕ್ಕೆ ಜಾರಿ ತೇಲಿದಾಗ ಹೊತ್ತು 7.12.

ಉಳಿದ ಎರಡು ದಿನ ನಾನು ಹಿಡಿದವೆಲ್ಲ ಅಳತೆಯೊಳಗಿನ ಮೀನುಗಳೇ. ಎರಡನ್ನು ಬೆಂಕಿಯ ಕೆಂಡದ ಮೇಲೆ ಸುಟ್ಟು, ಉಪ್ಪು ನಿಂಬೆಹುಳಿಯಷ್ಟರಲ್ಲೇ ತಿಂದೆವು. ಮುದ್ದೆ ಇದ್ದಿದ್ದರೆ ಎನಿಸಿತು.

ಊರಿಗೆ ಬಂದ ಮೇಲೆ ತೂಬಿನ ಕಲ್ಲಿನ ಮೇಲೆ ಜೊತೆಗೆ ಗಾಳ ಹಾಕುವ ಗೆಳೆಯನಿಗೆ ಎರಡೂ ಕೈ ಅಗಲಿಸಿ ತೋರಿಸಿದೆ.

“ಎಲ್ಲಣ್ಣ ಫೋಟೋ?”

“ದೋಣಿ ಸಿಕ್ಕಿಹಾಕ್ಕೊಳ್ತಾ ಇತ್ತಲ್ಲ, ತೆಗೆಯೋಕೆ ಆಗ್ಲಿಲ್ಲ.”

“ಮೀನು?”

“ಬಿಟ್ಟುಬಿಟ್ಟೆ.”

ಅವನು ಬೆಂಡಿನ ಮೇಲಿಂದ ಕಣ್ಣು ತೆಗೆಯದೆ, “ಹೋಗ್ಲಿ ಬಿಡಣ್ಣ, ಇಲ್ಲೂ ನೀನು ಹೇಳೋದು ಇದನ್ನೇ” ಎಂದ.